ರಿಫಾತ್ ಮನೆಯಲ್ಲೇ ಇದ್ದಾನೆ

ನಮ್ಮ ಎದುರು ಮನೆಯ ರಿಫಾತ್ ಇಪ್ಪತ್ತು ವರ್ಷ ಸಂಸಾರ ಮಾಡಿದ್ದು ಬರೀ ದೇಹದಿಂದ. ನೀರು ಸರಬರಾಜು ಕಚೇರಿಯಿಂದ ಮಧ್ಯಾಹ್ನ ಬರುತ್ತಿದ್ದ, ಉಣ್ಣುತ್ತಿದ್ದ, ಫೋನು ಹಿಡಿದು ಸೋಫಾಕ್ಕೆ ಒರಗುತ್ತಿದ್ದ. ಹೆಂಡತಿ ನಗ್ವಾ ಏನು ಹೇಳಿದರೂ ಹೂಂ, ಸರಿ ಎನ್ನುತ್ತಿದ್ದ. ಒಮ್ಮೆ ಅಡುಗೆಮನೆಯಲ್ಲಿ ಪರದೆಗೆ ಬೆಂಕಿ ಹತ್ತಿದೆ ಎಂದಾಗಲೂ ಹೂಂ, ಸರಿ ಎಂದನಂತೆ. ತಾನಾಗಿ ಬಾಯಿ ತೆರೆದರೆ ಕಚೇರಿಯ ನೀರಿನ ಮೀಟರಿನ ಕಥೆ ಮಾತ್ರ. ನಾನು ಶಾಲೆಯಿಂದ ನಿವೃತ್ತಳಾಗಿ ಎಷ್ಟೋ ಕಾಲವಾಯಿತು, ಆದರೆ ಈ ಕಟ್ಟಡದವರಿಗೆಲ್ಲ ಇನ್ನೂ ಅಬ್ಲಾ, ಅವರ ಟೀಚರಮ್ಮ. ನಗ್ವಾ ದಿನಾ ನನ್ನ ಬಳಿ ಬಂದು, ಈ ಮನುಷ್ಯ ಒಂದು ದಿನವಾದರೂ ಮನೆಯ ಕಡೆ ಗಮನ ಕೊಡುವ ಹಾಗೆ ದೇವರು ಮಾಡಬಾರದೇ ಎಂದು ಗೋಳಾಡುತ್ತಿದ್ದಳು. ಇಡೀ ಅಲೆಕ್ಸಾಂಡ್ರಿಯಾದಲ್ಲಿ ಒಂದು ಪ್ರಾರ್ಥನೆ ಇಷ್ಟು ಧಾರಾಳವಾಗಿ ಫಲಿಸಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಕಚೇರಿಯವರು ಸಿಬ್ಬಂದಿಯನ್ನು ಕಡಲತಡಿಯ ಹೋಟೆಲೊಂದಕ್ಕೆ ತರಬೇತಿಗೆ ಕಳಿಸಿದರು. ವಿಷಯ: ಈ ಕ್ಷಣದಲ್ಲಿ ಇರುವುದು. ಕೈರೋದಿಂದ ಬಂದ ಗುರು ತಲೆಗೊಂದು ಖರ್ಜೂರ ಕೊಟ್ಟು, ಇದನ್ನು ಕಾಲು ಗಂಟೆ ತಿನ್ನಿ ಎಂದನಂತೆ. ಉಳಿದವರು ಒಂದೇ ಸಲಕ್ಕೆ ನುಂಗಿ ಊಟದ ಮೇಜಿನ ಕಡೆ ನಡೆದರು. ರಿಫಾತ್ ಒಬ್ಬ ನಂಬಿಬಿಟ್ಟ.

ಮನೆಗೆ ಬಂದವನೇ ಫೋನನ್ನು ಕಪಾಟಿನಲ್ಲಿಟ್ಟು ಊಟಕ್ಕೆ ಕುಳಿತ. ಅನ್ನ ತುಂಬಿದ ದ್ರಾಕ್ಷಿ ಎಲೆಯ ಸುರುಳಿಯೊಂದನ್ನು ಬಾಯಿಗಿಟ್ಟು, ಕಣ್ಣು ಮುಚ್ಚಿ, ಮೆಲ್ಲಗೆ ಅಗಿದ. ಮನೆಯವರೆಲ್ಲ ಡಾಕ್ಟರ ಬಾಯಿ ನೋಡುವ ಹಾಗೆ ನೋಡುತ್ತಿದ್ದರು.

"ಇದು ನಿನ್ನ ಕೈರುಚಿ ಅಲ್ಲ, ನಗ್ವಾ."

ನಿಜವೇ. ಕೆಳಗಿನ ಮನೆಯ ವಿಧವೆಯಿಂದ ಅದನ್ನು ಕೊಂಡು ತರಲು ಶುರುಮಾಡಿ ಎರಡು ವರ್ಷವಾಗಿತ್ತು. ನಗ್ವಾ ಸಿಡಿದಳು. ಅವನು ಮಾತ್ರ ಎದೆಯ ಮೇಲೆ ಕೈಯಿಟ್ಟುಕೊಂಡು, ನನಗೆ ಕೋಪ ಬರ್ತಿದೆ, ಅದು ಬಂದು ಹೋಗೋದನ್ನ ಸುಮ್ಮನೆ ನೋಡ್ತಿದೀನಿ ಎಂದ. ಬೈದಿದ್ದರೆ ಅವಳಿಗೂ ತಿರುಗಿ ಬೈಯಲು ಅನುಕೂಲವಾಗುತ್ತಿತ್ತು.

ಮರುದಿನ ಅವನ ಗಮನ ಗೋಡೆಗೆ ಹರಿಯಿತು. ತನ್ನ ತಾಯಿಯ ಕಾಲದ ಗಾಜಿನ ಬೀರು ಎಲ್ಲಿ ಎಂದು ಕೇಳಿದ. ಅದು ನಗ್ವಾಳ ತಂಗಿಯ ಮನೆ ಸೇರಿ ಮೂರು ರಂಜಾನ್ ಕಳೆದಿದ್ದವು. ಮೆಟ್ಟಿಲಿಳಿಸುವಾಗ ಒಂದು ತುದಿ ಹಿಡಿದಿದ್ದವನು ಸ್ವತಃ ರಿಫಾತ್.

ಆಮೇಲೆ ಅತ್ತೆಯ ಸರದಿ. ನಗ್ವಾಳ ತಾಯಿ, ಹಜ್ ಮುಗಿಸಿ ಬಂದ ಹಜ್ಜಾ ಇನ್ಸಾಫ್, ವಾರದ ಮಟ್ಟಿಗೆಂದು ಬಂದು ಅಲ್ಲೇ ಬೇರೂರಿದ ಮುದುಕಿ. ಕಿವಿ ಪೂರ್ತಿ ಮಂದ ಎಂದು ಹೆಸರು. ಆದರೆ ಒಳಗೆ ಬಿಸ್ಕತ್ತಿನ ಡಬ್ಬಿಯ ಮುಚ್ಚಳ ತೆಗೆದರೆ ಸಾಕು, ಮುದುಕಿಯ ಕತ್ತು ತಿರುಗುತ್ತದೆ ಎಂಬುದನ್ನು ರಿಫಾತ್ ಪತ್ತೆಹಚ್ಚಿದ. ಪಕ್ಕದಲ್ಲಿ ಕುಳಿತು ಪಿಸುಮಾತಿನಲ್ಲಿ ವಿಚಾರಿಸಿದ. ಹಜ್ಜಾ ಅತ್ತಿತ್ತ ನೋಡಿ ಒಪ್ಪಿಕೊಂಡಳು.

"ಕೇಳ್ಸುತ್ತೆ ಕಣಪ್ಪಾ. ನಿನ್ನ ಆ ನೀರಿನ ಮೀಟರಿನ ಕಥೆ ನಲವತ್ತನೇ ಸಲ ಶುರುವಾದಾಗ ಕಿವಿಗೆ ರಜ ಕೊಟ್ಟೆ. ಮನೇಲಿ ಎಲ್ಲರನ್ನೂ ನೋಡ್ತಾ ಇದೀಯಲ್ಲ, ನಿನ್ನನ್ನ ನೋಡ್ಕೊಂಡ್ಯಾ? ನೀನೂ ಇಲ್ಲೇ ಇರೋನು."

ಹೋಟೆಲಿನ ಗುರು ಈ ಪಾಠವನ್ನು ಹೇಳಿರಲಿಲ್ಲ. ಸಂಜೆ ರಿಫಾತ್ ನನ್ನ ಬಾಗಿಲಿಗೆ ಬಂದ. ನಾನು ಅಷ್ಟು ಬೇಸರದ ಮನುಷ್ಯನಾ ಅಬ್ಲಾ ಎಂದು ಕೇಳಿದ. ನಾನು ಜೀವಮಾನವಿಡೀ ಮಕ್ಕಳಿಗೆ ಅಂಕ ಕೊಟ್ಟವಳು, ಧಾರಾಳತನ ನನ್ನ ಕೈಯಲ್ಲಿಲ್ಲ. ಹೌದು ಎಂದೆ. ಅವನು ತಲೆ ತಗ್ಗಿಸಿಕೊಂಡು ಹೋದ. ಮಾರನೆಯ ದಿನದಿಂದ ಕೋಪವನ್ನು ನೋಡುತ್ತಿದ್ದೇನೆ, ಉಸಿರನ್ನು ನೋಡುತ್ತಿದ್ದೇನೆ ಎಂಬ ಘೋಷಣೆಗಳು ನಿಂತವು. ಸುಮ್ಮನೆ ಬಂದು, ಮಗಳು ಶಾಹಿಂದಾ ತೊಳೆದಿಟ್ಟ ತಟ್ಟೆಗಳನ್ನು ಒರೆಸತೊಡಗಿದ. ಅಪಾಯ ಹೆಚ್ಚಾದದ್ದು ಆಗಲೇ.

ಶಾಹಿಂದಾಳಿಗೆ ಹಾಝಿಮ್ ಎಂಬ ಹಲ್ಲಿನ ಡಾಕ್ಟರ ಜೊತೆ ನಿಶ್ಚಿತಾರ್ಥವಾಗಿತ್ತು. ಒಂದು ಸಂಜೆ ಅವನ ಕರೆ ಬಂತು. ಅವಳು ಫೋನನ್ನು ಬೋರಲು ಹಾಕಿ, ತೊಳೆದ ತಟ್ಟೆಯನ್ನೇ ಮತ್ತೆ ತೊಳೆದಳು.

"ನಿಂಗೆ ಹಾಝಿಮ್ ಇಷ್ಟ ಇಲ್ಲ, ಅಲ್ವಾ?" ಎಂದ ಅಪ್ಪ.

"ಕೆಟ್ಟವನಲ್ಲ, ಬಾಬಾ."

"ನಾನು ಅದನ್ನ ಕೇಳ್ಲಿಲ್ಲ ಮಗಳೇ."

ಹುಡುಗಿ ಸಿಂಕಿನ ಮೇಲೆ ಬಾಗಿ ಅತ್ತಳು. ಅವಳಿಗೆ ಮನಸ್ಸಿಲ್ಲ ಎಂಬುದು ನನಗೆ ಗೊತ್ತಿತ್ತು, ಹಜ್ಜಾಳಿಗೆ ಗೊತ್ತಿತ್ತು, ನಗ್ವಾಳಿಗೂ ಗೊತ್ತಿತ್ತು. ಹಲ್ಲಿನ ಡಾಕ್ಟರು ಎಂಬ ಪದದ ಹೊಳಪಿಗೆ ನಾವು ಮೂವರೂ ಕಣ್ಣು ಮುಚ್ಚಿಕೊಂಡಿದ್ದೆವು. ಯಾವ ತರಬೇತಿಯೂ ಬೇಡದ ಜಾಣ ಹೆಂಗಸರು.

ರಿಫಾತ್ ಅಂದೇ ಈ ಸಂಬಂಧ ಬೇಡ ಎಂದುಬಿಟ್ಟ. ನಗ್ವಾ ಮೂರು ದಿನ ಗಂಡನೊಂದಿಗೆ ಮಾತು ಬಿಟ್ಟಳು. ಅಳಿಯನ ಕೈಯಲ್ಲೇ ಸರಿ ಮಾಡಿಸಿಕೊಳ್ಳೋಣ ಎಂದು ಅವಳು ಎರಡು ಹಲ್ಲುಗಳ ನೋವನ್ನು ವರ್ಷದಿಂದ ತಡೆದುಕೊಂಡಿದ್ದಳು. ನನ್ನ ಬಳಿ ಬಂದು, "ಅಬ್ಲಾ, ಇವನನ್ನ ಮೊದಲಿನ ಥರ ಮಾಡೋಕೆ ಏನಾದ್ರೂ ಔಷಧಿ ಇದ್ಯಾ?" ಎಂದಳು. ಫುಟ್‌ಬಾಲ್ ಪಂದ್ಯ ಇದ್ದ ದಿನ ತಾನೇ ಟಿವಿ ಹಚ್ಚಿ, ಹುರಿದ ಬೀಜದ ತಟ್ಟೆ ಮುಂದಿಟ್ಟು, ಅವನನ್ನು ಕೂರಿಸಿಯೂ ನೋಡಿದಳು. ಅರ್ಧ ಪಂದ್ಯ ಕಳೆದ ಮೇಲೆ ರಿಫಾತ್, ಆ ಗೋಲ್‌ಕೀಪರ್ ಯಾಕೋ ಮನೆಯಲ್ಲಿ ನೆಮ್ಮದಿ ಇಲ್ಲದವನ ಹಾಗಿದ್ದಾನೆ ಎಂದ. ನಗ್ವಾ ಟಿವಿ ಆರಿಸಿದಳು.

ನಿಶ್ಚಿತಾರ್ಥಕ್ಕೆ ಹಾಝಿಮ್ ಮನೆಯವರು ಹಾಕಿದ್ದ ಚಿನ್ನವನ್ನು ವಾಪಸು ಕೊಡಲು ರಿಫಾತ್ ಒಬ್ಬನೇ ಹೋದ. ಹೊತ್ತು ಮುಳುಗುವ ಮೊದಲು ಬಂದ. ನಗ್ವಾ ಬೆನ್ನು ತಿರುಗಿಸಿ ಕುಳಿತಿದ್ದಳು. ಧೈರ್ಯಕ್ಕಿರಲಿ ಎಂದು ನನ್ನನ್ನೂ ಕರೆಸಿಕೊಂಡಿದ್ದಳು.

"ಅವರಮ್ಮ ಏನಂದ್ಲು?" ಎಂದಳು, ತಿರುಗದೆ.

ರಿಫಾತ್ ಹೇಳಿದ. ಆಕೆ ಬಾಗಿಲಲ್ಲೇ ನಿಲ್ಲಿಸಿಕೊಂಡದ್ದು, ಏಳು ತಲೆಮಾರನ್ನು ಎತ್ತಿ ಬೈದದ್ದು, ಬೈಯುತ್ತಲೇ ಕೈಬಳೆಯ ತೂಕವನ್ನು ಅಂಗೈಯಲ್ಲಿ ಅಂದಾಜು ಮಾಡಿದ್ದು. ಹಾಝಿಮ್ ಮೆಟ್ಟಿಲವರೆಗೂ ಬಂದು, "ಅಂಕಲ್, ನಾನೂ ಹೇಳ್ಬೇಕು ಅಂತಿದ್ದೆ, ಅಮ್ಮನಿಗೆ ಹೆದರ್ಕೊಂಡೆ. ಹುಡುಗಿ ಇಷ್ಟವಾಗಿದ್ದು ಅಮ್ಮನಿಗೆ" ಎಂದು ಇವನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡದ್ದು.

ನಗ್ವಾ ಯಾವಾಗ ಕುರ್ಚಿ ತಿರುಗಿಸಿದಳೋ ಗೊತ್ತಿಲ್ಲ. ಬಳೆಯ ವಿಷಯವನ್ನು ಎರಡನೇ ಸಲ ಹೇಳಿಸಿದಳು. ಆಕೆ ಯಾವ ಕೈಯಲ್ಲಿ ತೂಗಿದಳು, ಮುಖ ಹೇಗಿತ್ತು ಎಂದೆಲ್ಲ ಕೇಳಿದಳು. ಅವನು ಒಂದನ್ನೂ ಬಿಡದೆ ಹೇಳಿದ. ಅವಳಿಗೆ ನಗು ಬಂತು, ಹಲ್ಲು ನೋಯಿತು, ಕೆನ್ನೆ ಹಿಡಿದುಕೊಂಡೇ ನಕ್ಕಳು. ನಾಳೆ ಬೇರೆ ಡಾಕ್ಟರ ಹತ್ತಿರ ಹೋಗೋಣ, ನಾನೂ ಬರುತ್ತೇನೆ ಎಂದ ರಿಫಾತ್.

ನಾನು ಎದ್ದು ಹೊರಟೆ. ಅದನ್ನು ಆ ಮನೆಯಲ್ಲಿ ಒಬ್ಬರೂ ಗಮನಿಸಲಿಲ್ಲ.