ಸೋಲೋಕೆ ಕೂಲಿ

ಚಿಕ್ಕಬೋರಮ್ಮನ ಅಂಗೈ ಬಿರುಕುಗಳಲ್ಲಿ ಕಬ್ಬಿನ ಗರಿಯ ಮುಳ್ಳುಸುಂಕು ಕೂತು ಕೀವಾಗಿತ್ತು. ಅದೇ ಕೈಯಲ್ಲಿ ಮಚ್ಚು ಹಿಡಿದು ಕೊಪ್ಪದ ಹೆಂಗಸರ ಗುಂಪಿನೊಡನೆ ಮಂಡ್ಯದ ಯಂತ್ರಮೇಳಕ್ಕೆ ಬಂದಿದ್ದಳು. ಕರೆತಂದವನು ಅವಳು ಹೆತ್ತ ಮಗ ಸ್ವಾಮಿ. ಮೇಳ ನಡೆಸುವ ಬೆಂಗಳೂರಿನ ಕಂಪನಿಗೆ ಊರಿನ ಜನರನ್ನು ಒದಗಿಸುವುದು ಅವನ ಕೆಲಸ.

ಪೆಂಡಾಲಿನ ಪಕ್ಕದ ಗದ್ದೆಯಲ್ಲಿ ಪಂದ್ಯ. ಒಂದು ಪಟ್ಟಿ ಕಬ್ಬು ಹೆಂಗಸರಿಗೆ, ಇನ್ನೊಂದು ತಳ್ಳಿಕೊಂಡು ಹೋಗುವ ಹೊಸ ಕಟಾವು ಯಂತ್ರಕ್ಕೆ. ಹಿಂದಿನ ದಿನದ ತಾಲೀಮಿನಲ್ಲಿ ಯಂತ್ರ ಬಿದ್ದ ಕಬ್ಬಿಗೆ ಸಿಕ್ಕಿ ನಿಂತುಹೋಯಿತು. ಹೆಂಗಸರು ಗೆದ್ದೇಬಿಟ್ಟರು. ಕಂಪನಿಯ ಮ್ಯಾನೇಜರ್ ಸ್ವರೂಪ್ ನಗುನಗುತ್ತಲೇ ಸ್ವಾಮಿಗೆ, ನಾಳೆ ಹೀಗಾದರೆ ನಿನಗಿಲ್ಲಿ ಕೆಲಸವಿಲ್ಲ ಅಂದ. ಸ್ವಾಮಿ ತಾಯಿಯ ಮುಖ ನೋಡಲಾಗದೆ ಮಚ್ಚು ನೋಡುತ್ತಾ ಹೇಳಿದ್ದ:

"ವಸಿ ನಿಧಾನುಕ್ಕೆ ಕಡೀರವ್ವ. ಬರೀ ಆಟ ಕಣವ್ವ."

ಆಟವಂತೆ! ಮರುದಿನ ಮಗನ ಮಾತು ಉಳಿಸಲು ಅವಳೂ ಗುಂಪಿನವರೂ ನಿಧಾನವಾಗಿ ಕಡಿದರು. ಯಂತ್ರ ಗೆದ್ದಿತು. ಮೈಕಿನವನು 'ಸುಸ್ತಾದ ಅಜ್ಜಿ'ಗೆ ಚಪ್ಪಾಳೆ ಕೇಳಿದ. ಪೆಂಡಾಲಿಗೆ ಪೆಂಡಾಲೇ ನಕ್ಕಿತು. ಸ್ವಾಮಿಯೂ ಚಪ್ಪಾಳೆ ತಟ್ಟಿದ, ತಟ್ಟಿದ ಕೈಗಳನ್ನು ಎಲ್ಲಿಡಬೇಕೋ ತಿಳಿಯದೆ ಜೇಬಿಗೆ ತುರುಕಿಕೊಂಡ.

ಮುಂದಿನ ಸಾಲಿನಿಂದ ಬೋರಯ್ಯ ಎದ್ದು ಬಂದ. ಪ್ರತಿ ವರ್ಷ ಅವನ ಕಬ್ಬು ಕಡಿಯುತ್ತಿದ್ದುದು ಇದೇ ಗುಂಪು.

"ನಿಂಗೂ ವಯಸ್ಸಾಯ್ತು ಬೋರಮ್ಮ. ಈ ಸಲ ನಿಮ್ ಗುಂಪು ಬ್ಯಾಡ ಬುಡು. ಮಿಸೀನೇ ತಕತೀನಿ."

ಅಕ್ಕಪಕ್ಕದವರೂ ತಲೆಯಾಡಿಸಿ ಅವನ ಹಿಂದೆಯೇ ಬುಕಿಂಗ್ ಮೇಜಿಗೆ ನಡೆದರು. ಸ್ವಾಮಿಗೆ ನಿಂತ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಊಟದ ನಂತರ, ತಡವಾಗಿ ಬಂದ ಅತಿಥಿಗಳಿಗೆಂದು ಕಂಪನಿಯವರು ಇನ್ನೊಮ್ಮೆ ಪಂದ್ಯ ಅಂದರು. ಹೆಂಗಸರು ಬದುವಿನಿಂದ ಏಳಲಿಲ್ಲ. ಚಿಕ್ಕಬೋರಮ್ಮ ಮಚ್ಚಿನ ಹಿಡಿಯನ್ನು ಮಗನ ಕಡೆ ಚಾಚಿದಳು.

"ಈ ಸಲ ನೀನೇ ಸೋಲು ಮಗ. ನಾವು ಕಡಿಯೋಕೆ ಬಂದೋರು. ಸೋಲೋಕೆ ಕೂಲಿ ತಕಂಡೋನು ನೀನು."

ಸ್ವಾಮಿ ಮಚ್ಚು ಹಿಡಿದೇ ಹೋಗಿ ಮೈಕು ಕಸಿದುಕೊಂಡ. ನಿಧಾನಕ್ಕೆ ಕಡಿಯಲು ಹೇಳಿದ್ದು ನಾನೇ ಅನ್ನುವಷ್ಟರಲ್ಲಿ ಸ್ವರೂಪ್ ಸನ್ನೆ ಮಾಡಿದ, ಮೈಕು ಬಂದ್ ಆಯಿತು. ಸ್ವಾಮಿ ಬಿಡಲಿಲ್ಲ. ಬುಕಿಂಗ್ ಮೇಜಿನ ಮುಂದೆ ನಿಂತು ಬೋರಯ್ಯನಿಗೆ ಅದನ್ನೇ ಬಾಯಿಬಿಟ್ಟು ಹೇಳಿದ.

ಬೋರಯ್ಯ ಅವನ ಕೊರಳಲ್ಲಿದ್ದ ಕಂಪನಿಯ ಬಿಲ್ಲೆಯನ್ನೊಮ್ಮೆ ನೋಡಿದ.

"ಓಗ್ಲಾ. ನಿಮ್ಮವ್ವ ಸೋತಿದ್ನ ಕಣ್ಣಾರೆ ಕಂಡಿವ್ನಿ. ನೀನೇ ಚಪ್ಪಾಳೆ ತಟ್ತಿದ್ಯಲ್ಲ."

ಹಿಂದಿನಿಂದ ಬಂದ ಚಿಕ್ಕಬೋರಮ್ಮ ಅವನ ಕೈಯಿಂದ ಮಚ್ಚು ತೆಗೆದುಕೊಂಡಳು. ಹೆಂಗಸರೆಲ್ಲ ಎದ್ದು ರಸ್ತೆಗೆ ಇಳಿದರು. ಅವನು ಬಿಲ್ಲೆ ಕಿತ್ತು ಮೇಜಿನ ಮೇಲೆಸೆದು ಹಿಂದೆ ಹೋದ. ಬಸ್ಸು ಬರುವವರೆಗೂ ಅವರಲ್ಲಿ ಒಬ್ಬಳೂ ಅವನತ್ತ ತಿರುಗಲಿಲ್ಲ.