ಸೀಟಿ ಊದಲಾಗದ ಕಂಡಕ್ಟರ್

ನಮ್ಮ ಬೀದಿಯಲ್ಲಿ ಗಂಟಲು ಕಟ್ಟಿದರೆ ಬಿಸಿನೀರು ಕುಡಿದು ಸುಮ್ಮನಾಗುತ್ತಾರೆ. ಕಂಡಕ್ಟರ್ ಮಾವನೂ ಹಾಗೇ ಮಾಡಿದರು. ದಿನವಿಡೀ ಬಸ್ಸಿನಲ್ಲಿ "ಮುಂದೆ ಹೋಗಿ, ಮುಂದೆ ಹೋಗಿ" ಎಂದು ಕೂಗುವವರಿಗೆ ಗಂಟಲು ಕಟ್ಟದೆ ಇನ್ನೇನು ಎಂದು ನಾವೆಲ್ಲ ನಕ್ಕೆವು. ತಿಂಗಳುಗಟ್ಟಲೆ ದನಿ ಒಡೆದೇ ಇತ್ತು. ಆಸ್ಪತ್ರೆಗೆ ಹೋಗುವಷ್ಟರಲ್ಲಿ ಕ್ಯಾನ್ಸರ್ ಬೆಳೆದುಬಿಟ್ಟಿತ್ತು. ಜೀವ ಉಳಿಸಲು ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕಾಯಿತು.

ಈಗ ಮಾವ ಉಸಿರಾಡುವುದು ಕುತ್ತಿಗೆಯಲ್ಲಿರುವ ಸಣ್ಣ ರಂಧ್ರದಿಂದ. ಆಸ್ಪತ್ರೆಯಿಂದ ಮನೆಗೆ ಬಂದ ದಿನ ಮಾವ ತಮ್ಮ ಹಳೆಯ ಸೀಟಿಯನ್ನು ಬಾಯಿಗಿಟ್ಟು ಊದಿದರು. ರಂಧ್ರ ಮುಚ್ಚಿದ್ದ ಬಟ್ಟೆ ಹಾರಿತು, ಸೀಟಿ ತುಟಿಪಿಟಕ್ಕೆನ್ನಲಿಲ್ಲ. ಅದನ್ನು ಮೂಲೆಗೆಸೆದು ಕಿಟಕಿಯ ಬಳಿ ಕುಳಿತರು. ತಿರುವಿನಲ್ಲಿ ಬಸ್ಸು ಹೋದಾಗಲೆಲ್ಲ ಅವರ ಬಾಯಿ ತಾನಾಗಿ "ರೈಟ್" ಎನ್ನುತ್ತಿತ್ತು. ಸದ್ದು ಮಾತ್ರ ಇರಲಿಲ್ಲ.

ರಂಧ್ರ ಶುಚಿಮಾಡುವುದನ್ನು ಕಲಿಸಲು ಪಕ್ಕದ ಮನೆಯ ನರ್ಸಮ್ಮ ಬರುತ್ತಿದ್ದರು.

"ಮಾವ, ಕುತ್ತಿಗೆಗೆ ಒತ್ತಿ ಹಿಡ್ಕೊಂಡು ಮಾತಾಡೋ ಯಂತ್ರ ಇದೆ. ಆಸ್ಪತ್ರೇಲಿ ಕಲಿಸ್ತಾರೆ. ನಿಮ್ಮ ಹಾಗಿರೋರೆಲ್ಲ ಅಲ್ಲಿ ಸೇರ್ತಾರೆ."

ಮಾವ ಸ್ಲೇಟಿನ ಮೇಲೆ ಬರೆದರು: "ಮಿಕ್ಸಿ ಮಾತಾಡಿದ ಹಾಗಿರುತ್ತೆ. ಬೇಡ."

"ಮಿಕ್ಸಿ ಥರಾನೇ ಇರುತ್ತೆ, ನಾನ್ಯಾಕೆ ಸುಳ್ಳು ಹೇಳ್ಲಿ? ಹಳೇ ದನಿ ಬರಲ್ಲ. ಆದ್ರೆ ಮಾತು ನಿಮ್ಮದೇ ಅಲ್ವಾ?"

ಮಾವ ಸ್ಲೇಟು ಒರೆಸಿಬಿಟ್ಟರು.

"ಒಂದ್ಸಲ ನನ್ನ ಬೈದಿದ್ರೂ ಸಾಕಿತ್ತು ಕಣಮ್ಮ," ಎಂದು ಅತ್ತೆ ಬಾಗಿಲಲ್ಲಿ ಕಣ್ಣೊರೆಸಿಕೊಂಡರು.

ಒಂದು ಮಧ್ಯಾಹ್ನ ಮಾವನಿಗೆ ಸಣ್ಣ ದನಿಯಲ್ಲಿ ಹಾಡು ಕೇಳಿಸಿತು. ರೇಡಿಯೊ ಎಂದುಕೊಂಡರು. ನೋಡಿದರೆ ಅಡುಗೆಮನೆಯಲ್ಲಿ ಅತ್ತೆ, ಬೆನ್ನು ತಿರುಗಿಸಿ ತರಕಾರಿ ಹೆಚ್ಚುತ್ತಾ ಹಾಡಿಕೊಳ್ಳುತ್ತಿದ್ದರು. ಮಾವ ಭುಜ ತಟ್ಟಿ ಸ್ಲೇಟು ತೋರಿಸಿದರು: "ಯಾವಾಗ ಕಲಿತೆ?"

"ಮದುವೆಗೆ ಮುಂಚಿಂದ್ಲೂ ಹಾಡ್ತೀನಿ. ನಿಮ್ಮ ಗದ್ದಲದಲ್ಲಿ ಯಾರಿಗೆ ಕೇಳ್ಬೇಕು?" ಅತ್ತೆ ನಕ್ಕರು. ನಾಚಿಕೆಯಾಗಿ ಹಾಡು ನಿಲ್ಲಿಸಿಬಿಟ್ಟರು.

ಅಂದಿನಿಂದ ಮಾವನಿಗೆ ಅದೊಂದೇ ಹಂಬಲ, ಅವಳು ಮತ್ತೆ ಹಾಡಬೇಕು. ಬೆನ್ನು ತಿರುಗಿಸಿದವಳಿಗೆ ಸ್ಲೇಟು ಕಾಣುವುದಿಲ್ಲ. ಎದುರು ಹೋಗಿ ತೋರಿಸಿದರೆ "ಹೋಗ್ರೀ" ಎಂದು ಮುಖ ಮುಚ್ಚಿಕೊಳ್ಳುತ್ತಾಳೆ. ಇಡೀ ಬಸ್ಸಿಗೆ ಕೇಳುವಂತೆ ಕೂಗಿದ ಮನುಷ್ಯನಿಗೆ ಅಡುಗೆಮನೆಯವರೆಗೆ ಒಂದು ಮಾತು ಮುಟ್ಟಿಸಲಾಗಲಿಲ್ಲ.

ಮರುದಿನ ಮಾವನೇ ಹೋಗಿ ನರ್ಸಮ್ಮನ ಬಾಗಿಲು ತಟ್ಟಿದರು. ಸ್ಲೇಟಿನಲ್ಲಿ ಬರೆದಿತ್ತು: "ಯಂತ್ರ ಯಾವಾಗ ಕಲಿಸ್ತಾರೆ?"

ಕಲಿಯುವುದು ಸುಲಭವಾಗಲಿಲ್ಲ. ಆಸ್ಪತ್ರೆಯ ಗುಂಪಿನಲ್ಲಿ ಒಬ್ಬರ ಯಂತ್ರದ ಗುಯ್‌ಗುಯ್ ಕೇಳಿ ಇನ್ನೊಬ್ಬರು ನಗುತ್ತ ಎಲ್ಲರೂ ಕಲಿತರು. ಆಪರೇಷನ್‌ಗೆ ಹೆದರಿ ಕುಳಿತವರ ಪಕ್ಕ ಮಾವ ಸುಮ್ಮನೆ ಕೂತು ಅವರ ಕಷ್ಟ ಕೇಳತೊಡಗಿದರು. "ಪೂರ್ತಿ ಹೇಳೋಕೆ ಬಿಡ್ತಾರೆ, ಪುಣ್ಯಾತ್ಮ," ಎಂದು ಜನ ಅವರನ್ನೇ ಹುಡುಕಿಕೊಂಡು ಬಂದರು. ಯಾರ ಮಾತನ್ನೂ ಮುಗಿಯಗೊಡದಿದ್ದ ನಮ್ಮ ಮಾವ! ನಾವು ನಂಬಲೇ ಇಲ್ಲ.

ಒಂದು ಸಂಜೆ ಅತ್ತೆ ಪಾತ್ರೆ ತೊಳೆಯುತ್ತಿದ್ದರು. ಹಿಂದಿನಿಂದ ಗುಯ್ ಎನ್ನುವ ಸದ್ದಿನ ಜೊತೆ ಒಂದು ಮಾತು ಬಂತು.

"ಹಾ... ಡು."

ಅತ್ತೆಯ ಕೈಯಿಂದ ಲೋಟ ಜಾರಿತು. ಅವರು ಕಾದಿದ್ದ ದನಿ ಅದಾಗಿರಲಿಲ್ಲ. ಆ ದನಿ ಇನ್ನು ಬರುವುದೂ ಇಲ್ಲ. ಅತ್ತೆ ಅತ್ತರು. ನಲ್ಲಿ ನಿಲ್ಲಿಸಿದರು. ಆಮೇಲೆ ತಿರುಗಿ ನೋಡದೆಯೇ ಹಾಡಿದರು, ಕೊನೆಯವರೆಗೂ. ಮಾವ ಬಾಗಿಲಿಗೊರಗಿ ಕೇಳಿದರು.

ಕ್ಯಾನ್ಸರ್ ಬಂದದ್ದು ಒಳ್ಳೆಯದಾಯಿತು ಎಂದು ಮಾವ ಯಾವತ್ತೂ ಹೇಳಿಲ್ಲ. ಈಗಲೂ ಬಸ್ಸು ಹೋದರೆ ಅವರ ಜೀವ ಅತ್ತ ಎಳೆಯುತ್ತದೆ. ಆದರೆ ಕಿಟಕಿಯ ಬಳಿಯ ಕುರ್ಚಿ ಖಾಲಿಯಿರುತ್ತದೆ, ಆಸ್ಪತ್ರೆಯ ಗುಂಪಿನ ಓಡಾಟದಲ್ಲಿ ಅವರಿಗೆ ಪುರುಸೊತ್ತಿಲ್ಲ.

ನಿಮ್ಮಲ್ಲಿ ಯಾರಿಗಾದರೂ ಮೂರು ವಾರವಾದರೂ ದನಿ ಸರಿಹೋಗದಿದ್ದರೆ ನಮ್ಮ ಹಾಗೆ ನಕ್ಕು ಬಿಡಬೇಡಿ; ಕಿವಿ, ಮೂಗು, ಗಂಟಲಿನ ವೈದ್ಯರಿಗೆ ತೋರಿಸಿ. ಚಿಕಿತ್ಸೆ ಮುಗಿಸಿ ಬಂದವರನ್ನು ಮೂಲೆಯಲ್ಲಿ ಒಂಟಿಯಾಗಿ ಕೂರಿಸಬೇಡಿ. ಮಾತಿನ ತರಬೇತಿ ಎಲ್ಲಿದೆ, ಗುಂಪು ಎಲ್ಲಿ ಸೇರುತ್ತದೆ ಎಂದು ಆಸ್ಪತ್ರೆಯಲ್ಲಿ ಇವತ್ತೇ ವಿಚಾರಿಸಿ. ನಿಮ್ಮ ಮನೆಯಲ್ಲೂ ಯಾರೋ ಬೆನ್ನು ತಿರುಗಿಸಿಕೊಂಡು ಒಂದು ಮಾತಿಗಾಗಿ ಕಾಯುತ್ತಿರಬಹುದು.