ಈ ಸಹಿ ನನ್ನದಲ್ಲ

ಕರಿಕೋಟಿನ ಎಡತೋಳು ಹಾಕುವಷ್ಟರಲ್ಲಿ ತೀರಿಕೊಂಡ ವಕೀಲ ಕಾಡಸಿದ್ದರ ಕೈ ಸೆಟೆದುಕೊಂಡಿತ್ತು. ಇಂದುಬಾಯಿ ಗಂಡನ ಮೊಣಕೈ ನೀವಿ ನೀವಿ ಬಗ್ಗಿಸಲು ನೋಡಿದಳು.

“ಬ್ಯಾಡ ಬಿಡ್ರಿ ವೈನಿ,” ಎಂದಳು ನೆರೆಮನೆಯ ತಾರವ್ವ. “ಈ ಕೋಟ ಹಾಕಾಕ ಅವರಿಗೀಗ ಹಕ್ಕಿಲ್ಲಂತ ಮಂದಿ ಅಂತಾರ.”

“ಮಂದಿ ಎಲ್ಲಿ ಬಂದಾರ?”

ಅದೂ ಖರೆ. ಗಡಹಿಂಗ್ಲಜದ ಕೋರ್ಟಿನಲ್ಲಿ ಮೂವತ್ತು ವರ್ಷ ವಾದಿಸಿದ ಮನುಷ್ಯ. ವಕೀಲರೊಬ್ಬರು ತೀರಿಕೊಂಡರೆ ಅಲ್ಲಿ ಎಲ್ಲರೂ ಎದ್ದು ಎರಡು ನಿಮಿಷ ಸುಮ್ಮನೆ ನಿಲ್ಲುವುದು ಪದ್ಧತಿ. ವಕೀಲಿಯ ಸನದು ಕಳೆದುಕೊಂಡವರಿಗೆ ಆ ಎರಡು ನಿಮಿಷವೂ ಇಲ್ಲ. ಬಂದ ವಕೀಲ ಅಮೋಲ ಒಬ್ಬನೇ. ಅವನೂ ಬಂದದ್ದು ಕಾಡಸಿದ್ದರ ಮಗಳು, ತಾನೂ ವಕೀಲೆಯಾದ ರುತುಜಾಳಿಗಾಗಿ. ಅಂಗಳದಲ್ಲಿ ಅವಳ ಕೈಗೆ ಕಾಗದವೊಂದನ್ನಿಟ್ಟ.

“ನಾಳೆ ಮುಂಬೈಯಾಗ ಬಾರ್ ಕೌನ್ಸಿಲ್ ಮುಂದ ನಿನ್ನ ವಿಚಾರಣಿ ಐತಿ. ನಾ ಸಂಜೀ ಬಸ್ಸಿಗೆ ಹೊಂಟೇನಿ. ‘ಅರ್ಜಿ ಮ್ಯಾಲಿನ ಸಹಿ ನನ್ನದಲ್ಲ, ಅಪ್ಪ ಮಾಡಿದ್ದು’ ಅಂತ ಬರದೇನಿ. ಸಹಿ ಹಾಕು. ಇಲ್ಲಂದ್ರ ನಿನ್ನ ಸನದೂ ಹೋಗತೈತಿ.”

ಒಳಗಿನಿಂದ ಇಂದುಬಾಯಿ ಎದ್ದು ಬಂದಳು. “ಮಣ್ಣಿಗಿಡೂಕಿಂತ ಮೊದಲ ಅಪ್ಪಗ ಖೊಟ್ಟಿ ಸಹಿ ಮಾಡಾಂವ ಅಂತ ಹೆಸರಿಡ್ತಿಯೇನ? ನಿನ್ನ ಕಾಲಿಗೆ ಬೀಳ್ತೇನಿ, ರುತು.”

ರುತುಜಾ ಕಾಗದವನ್ನು ಮಡಿಸಿ ಪರ್ಸಿನಲ್ಲಿಟ್ಟಳು. ಅಪ್ಪನ ಮೇಲೆ ಅವಳಿಗೆ ಸಿಟ್ಟೇ ಬರುತ್ತಿತ್ತು, ಅಳು ಬರುತ್ತಿರಲಿಲ್ಲ.

*

ಇಚಲಕರಂಜಿಯ ಮಗ್ಗದ ಕೆಲಸಗಾರ ಭೂಪಾಲ ತನ್ನೂರ ಪಂಚಾಯ್ತಿ ಚುನಾವಣೆಯಲ್ಲಿ ನಾನೂರು ಮತಗಳಿಂದ ಸೋತಿದ್ದ. ಮಶೀನು ಮತ ನುಂಗಿದೆಯೆಂದು ಕಾಡಸಿದ್ದ ಅರ್ಜಿ ಹಾಕಿದರು. ಅದು ವಜಾ ಆಯಿತು. ಅದನ್ನೇ ಭೂಪಾಲನ ತಮ್ಮನ ಹೆಸರಲ್ಲಿ ಹಾಕಿದರು, ಆಮೇಲೆ ಹೆಂಡತಿಯ ಹೆಸರಲ್ಲಿ. ಪುರಾವೆ ಕೇಳಿದ ನ್ಯಾಯಾಧೀಶರನ್ನೇ ಲಂಚಕೋರ ಎಂದು ಬರೆದುಕೊಟ್ಟರು. ಸನದು ಹೋಯಿತು.

ನಾಲ್ಕನೆಯ ಅರ್ಜಿಯ ಮೇಲೆ ವಕೀಲೆಯೆಂದು ತನ್ನ ಸಹಿ ಇದೆಯೆಂಬುದು ರುತುಜಾಳಿಗೆ ತಿಳಿದದ್ದು ತನ್ನ ಹೆಸರಿಗೇ ನೋಟಿಸು ಬಂದಾಗ. ಅಪ್ಪ ಊಟಕ್ಕೆ ಕೂತಿದ್ದರು.

“ನನ್ನ ಸಹಿ ಯಾಕ ಮಾಡಿದ್ರಿ?”

“ನಿನ್ನ ಹೆಸರ ಇನ್ನೂ ಸ್ವಚ್ಛ ಐತೆಲ್ಲ,” ಎಂದರು ತಟ್ಟೆಯಿಂದ ಕಣ್ಣೆತ್ತದೆ. “ಅದಕ್ಕ.”

*

ರುದ್ರಭೂಮಿಯಲ್ಲಿ ಅವರನ್ನು ಕುಣಿಯೊಳಗೆ ಕೂರಿಸಿ, ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕಿದ ಮೇಲೆ ಭೂಪಾಲ ಮೋಟರ್‌ಸೈಕಲ್ಲಿನಲ್ಲಿ ಬಂದಿಳಿದ. ಕೈಮುಗಿದು, ನೇರ ರುತುಜಾಳ ಹತ್ತಿರ ಬಂದ.

“ಸಾಹೇಬ್ರ ಹೋದ್ರು. ಕೇಸ್ ಹೋಗಿಲ್ಲಲ್ರಿ, ಅಕ್ಕಾರ? ಮಗ್ಗ ಬಿಟ್ಟು ಮೂರ ವರ್ಷ ತಾರೀಖಿಗೆ ಅಡ್ಡಾಡೇನಿ. ಊರಾಗ ಯಾರೂ ಮಾತಾಡ್ಸಂಗಿಲ್ಲ. ‘ನೀ ಗೆದ್ದೀದಿ’ ಅಂತ ಸಾಹೇಬ್ರ ನನಗ ಹೇಳಿದ್ರು.”

“ನೀವು ಸೋತಿದ್ರಿ ಕಾಕಾ. ಅಪ್ಪಗೂ ಗೊತ್ತಿತ್ತು.”

ಆ ಮಾತು ಅವನಿಗೆ ಬೇಕಿರಲಿಲ್ಲ. ಇಂದುಬಾಯಿಯ ಕಡೆ ತಿರುಗಿದ. “ವೈನಿ, ನೀವರ ಹೇಳ್ರಿ. ಇನ್ನೊಂದ ಅರ್ಜಿ ಹಾಕೋಣು. ಅಕ್ಕಾರ ಸಹಿ ಒಂದಿದ್ರ ಸಾಕು.”

ಇಂದುಬಾಯಿ ಅವನನ್ನು ನೋಡಿದಳು, ಮಗಳನ್ನು ನೋಡಿದಳು. ಈ ಕೇಸು ಮಗಳನ್ನೂ ನುಂಗೀತೆಂಬ, ಗಂಡ ಹೋದದ್ದಕ್ಕಿಂತ ದೊಡ್ಡ ಹೆದರಿಕೆ ಅವಳ ಮುಖದ ಮೇಲೆ ಬಂತು.

“ಆ ಕಾಗದ ತಗಿ,” ಎಂದಳು.

ರುತುಜಾ ಅದನ್ನು ಪಕ್ಕದ ಗದ್ದಿಗೆಯ ಕಲ್ಲಿನ ಮೇಲೆ ಬಿಚ್ಚಿಟ್ಟಳು. ಕಬ್ಬಿನ ಹೊಲದ ಕಡೆಯಿಂದ ಬೀಸಿದ ಗಾಳಿಗೆ ಅದು ಮಗುಚಿಕೊಂಡಿತು. ಇಂದುಬಾಯಿ ಕೂತು, ಮಣ್ಣಾದ ಕೈಗಳಿಂದಲೇ ಎರಡೂ ಅಂಚು ಒತ್ತಿ ಹಿಡಿದು, ಮುಖವನ್ನು ಕುಣಿಯ ಕಡೆ ತಿರುಗಿಸಿಕೊಂಡಳು. ರುತುಜಾ ಸಹಿ ಮುಗಿಸಿದಳು. ಬಸ್ಸಿಗೆ ಹೊತ್ತಾಯಿತೆಂದು ಅಮೋಲ ಕಾಗದಕ್ಕೆ ಕೈಚಾಚಿ ನಿಂತ. ಇಂದುಬಾಯಿಯ ಕೈಗಳು ಕಾಗದದ ಮೇಲಿಂದ ಏಳಲಿಲ್ಲ.